ದೇಹದ ಜೊತೆ ಕಾರಣವನ್ನೂ ತನ್ನಿ: ಹೇಬಿಯಸ್ ಕಾರ್ಪಸ್

ಮಗಳು ಮನೆ ಬಿಟ್ಟು ಹೋಗಿ ಹತ್ತು ದಿನವಾದರೂ ಪೊಲೀಸರು ಹುಡುಕಿಕೊಡಲಿಲ್ಲವೆಂದು ತಂದೆ ಹೈಕೋರ್ಟಿನ ಮೆಟ್ಟಿಲು ಹತ್ತಿದರೆ, ಮರುದಿನದ ಪತ್ರಿಕೆಯಲ್ಲಿ ‘ಹೇಬಿಯಸ್ ಕಾರ್ಪಸ್ ಅರ್ಜಿ’ ಎಂದು ಸುದ್ದಿ ಬರುತ್ತದೆ. ಗೂಂಡಾ ಕಾಯ್ದೆಯಡಿ ಒಳಗೆ ಹಾಕಿದವನ ಹೆಂಡತಿ ಆ ಬಂಧನವನ್ನು ಪ್ರಶ್ನಿಸಿದರೂ ಅದೇ ಹೆಸರು. ಅಮೆರಿಕದಿಂದ ಗಂಡನಿಗೆ ಹೇಳದೆ ಮಗುವನ್ನು ಕರೆದುಕೊಂಡು ತವರಿಗೆ ಬಂದ ತಾಯಿಯ ಮೇಲೆ ಆ ಗಂಡ ಹೂಡುವುದೂ ಅದನ್ನೇ. ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಕಾಣುವ ಈ ಮೂರು ಸಂಕಟಗಳಿಗೆ ಎರಡು ಸಾವಿರ ವರ್ಷ ಹಳೆಯ ಭಾಷೆಯ ಒಂದೇ ನುಡಿಗಟ್ಟು ಹೇಗೆ ಸಾಕಾಯಿತು?

ನಮ್ಮ ಪಠ್ಯಪುಸ್ತಕಗಳು ಇದಕ್ಕೆ ‘ಬಂದೀ ಪ್ರತ್ಯಕ್ಷೀಕರಣ’ ಎಂಬ ಪದ ಕೊಟ್ಟಿವೆ. ಸ್ಪರ್ಧಾತ್ಮಕ ಪರೀಕ್ಷೆಗೆ ಕೂತವರನ್ನು ಬಿಟ್ಟರೆ ಅದನ್ನು ಬಾಯಲ್ಲಿ ಆಡುವವರು ಅಪರೂಪ. ವಕೀಲರು ‘ಹೇಬಿಯಸ್ ಹಾಕೋಣ’ ಎನ್ನುತ್ತಾರೆ, ಕಕ್ಷಿದಾರನೂ ಅದನ್ನೇ ಕಲಿಯುತ್ತಾನೆ. ತಮಿಳಿನಲ್ಲಿ ‘ಆಟ್ಕೊಣರ್ವು ಮನು’ ಎಂಬ ಪದವಿದೆ, ಅಂದರೆ ಆಳನ್ನು ಕರೆತರುವ ಅರ್ಜಿ. ಅಷ್ಟು ಸರಳ ಪದ ನಮಗೇಕೆ ಹೊಳೆಯಲಿಲ್ಲ ಎಂದು ನನಗೆ ಸಣ್ಣ ಹೊಟ್ಟೆಕಿಚ್ಚಿದೆ.

ಎರಡು ಪದಗಳ ವ್ಯಾಕರಣ

ಲ್ಯಾಟಿನ್‌ನಲ್ಲಿ ‘ಹಬೇರೆ’ ಎಂದರೆ ಹೊಂದಿರುವುದು, ಇಟ್ಟುಕೊಂಡಿರುವುದು. ‘ಹೇಬಿಯಸ್’ ಅದರ ಮಧ್ಯಮ ಪುರುಷ ಏಕವಚನ ರೂಪ. ‘ತಾ’, ‘ಹೋಗು’ ಎಂಬಂಥ ಬರಿಯ ಆಜ್ಞೆ ಅದಲ್ಲ, ನಮ್ಮ ಹಳೆಯ ಕಚೇರಿ ಕನ್ನಡದ ‘ತರತಕ್ಕದ್ದು’, ‘ಇರತಕ್ಕದ್ದು’ ಎಂಬ ವಿಧ್ಯರ್ಥಕ್ಕೆ ಹತ್ತಿರ. ‘ಕಾರ್ಪಸ್’ ಎಂದರೆ ದೇಹ, ಇಲ್ಲಿ ದ್ವಿತೀಯಾ ವಿಭಕ್ತಿಯಲ್ಲಿದೆ. ಸೇರಿಸಿ ಓದಿದರೆ ‘ನೀನು ದೇಹವನ್ನು ಇಟ್ಟುಕೊಂಡಿರತಕ್ಕದ್ದು’ ಎಂದಾಗುತ್ತದೆ. ಎಲ್ಲಿ, ಯಾವಾಗ, ಏಕೆ ಎಂಬುದು ಈ ಎರಡು ಪದಗಳಲ್ಲಿಲ್ಲ.

ಆ ‘ನೀನು’ ಯಾರು ಎಂಬಲ್ಲಿ ಹಲವರು ಎಡವುತ್ತಾರೆ. ಅದು ಬಂದಿಯಲ್ಲ, ಅವನನ್ನು ಹಿಡಿದಿಟ್ಟುಕೊಂಡವನು. ಜೈಲರ್, ಪೊಲೀಸ್ ಅಧಿಕಾರಿ, ಹಡಗಿನ ಕ್ಯಾಪ್ಟನ್, ಅಪ್ಪ, ಮಠಾಧಿಪತಿ ಯಾರಾದರೂ ಆಗಬಹುದು. 2025ರ ಮೇ 20ರಂದು ಅಮೆರಿಕದ ಸೆನೆಟ್ ಸಮಿತಿಯೊಂದರಲ್ಲಿ ಸೆನೆಟರ್ ಮ್ಯಾಗಿ ಹ್ಯಾಸನ್ ಅವರು ಆಂತರಿಕ ಭದ್ರತೆಯ ಹೊಣೆ ಹೊತ್ತಿದ್ದ ಕ್ರಿಸ್ಟಿ ನೋಮ್ ಅವರನ್ನು ಹೇಬಿಯಸ್ ಕಾರ್ಪಸ್ ಎಂದರೇನು ಎಂದು ಕೇಳಿದರು. ಜನರನ್ನು ದೇಶದಿಂದ ಹೊರಗೆ ಹಾಕಲು ಅಧ್ಯಕ್ಷರಿಗಿರುವ ಸಾಂವಿಧಾನಿಕ ಹಕ್ಕು ಎಂಬರ್ಥದ ಉತ್ತರ ಬಂತು. ಹ್ಯಾಸನ್ ಅಲ್ಲಿಯೇ ತಿದ್ದಿದರು. ಹಿಡಿದವನಿಗೆ ಹೊರಿಸಿದ ಹೊಣೆ ಹಿಡಿದವನ ಹಕ್ಕಾಗಿ ತಿರುವು ಮುರುವಾಗಿತ್ತು.

ಇನ್ನೊಂದು ಎಡವಟ್ಟು ‘ಕಾರ್ಪಸ್’ನದು. ಇಂಗ್ಲಿಷಿನಲ್ಲಿ ಶವಕ್ಕಿರುವ ‘ಕಾರ್ಪ್ಸ್’ ಪದವೂ ಇದೇ ಬೇರಿನದು, ಹಾಗಾಗಿ ಇದು ಹೆಣಕ್ಕೆ ಸಂಬಂಧಿಸಿದ ಅರ್ಜಿ ಎಂದು ಕೆಲವರು ಭಾವಿಸುತ್ತಾರೆ. ನಿಗಮಕ್ಕೆ ‘ಕಾರ್ಪೊರೇಷನ್’ ಎನ್ನುವುದು, ಟ್ರಸ್ಟುಗಳ ಮೂಲನಿಧಿಗೆ ‘ಕಾರ್ಪಸ್ ಫಂಡ್’ ಎನ್ನುವುದು, ಭಾಷಾವಿಜ್ಞಾನಿಗಳು ಪಠ್ಯರಾಶಿಗೆ ‘ಕಾರ್ಪಸ್’ ಎನ್ನುವುದು ಎಲ್ಲವೂ ಆ ಒಂದೇ ದೇಹದಿಂದ ಬಂದವು. ಅಪರಾಧ ಕಾನೂನಿನ ‘ಕಾರ್ಪಸ್ ಡೆಲಿಕ್ಟೈ’ ಕೂಡ ಹೆಣವಲ್ಲ, ಅಪರಾಧ ನಡೆದಿದೆ ಎಂಬುದಕ್ಕೆ ಬೇಕಾದ ಮೂಲ ಸಂಗತಿ.

ನಮ್ಮ ಕಚೇರಿ ಭಾಷೆಯಲ್ಲಿ ಇದೇ ಮಾತನ್ನು ‘ಸದರಿ ಆಸಾಮಿಯನ್ನು ಹಾಜರುಪಡಿಸಿ’ ಎನ್ನುತ್ತಿದ್ದರು. ‘ಆಸಾಮಿ’ ಅರಬ್ಬಿ ಮೂಲದ ಪದ, ಹೆಸರು ಎಂಬರ್ಥದ ‘ಇಸ್ಮ್’ನ ಬಹುವಚನ. ನಮ್ಮ ದಫ್ತರಕ್ಕೆ ಮನುಷ್ಯ ಎಂದರೆ ಪಟ್ಟಿಯಲ್ಲಿರುವ ಹೆಸರು. ಲ್ಯಾಟಿನ್ ಓಲೆಗೆ ಹೆಸರಿನ ಮೇಲೆ ನಂಬಿಕೆಯಿಲ್ಲ, ಅದು ಮೈಯನ್ನೇ ಕೇಳುತ್ತದೆ.

ಇಂಗ್ಲಿಷ್ ನುಂಗಿಹಾಕಿದ ಉಳಿದರ್ಧ

ಈ ಎರಡು ಪದಗಳು ಒಂದು ಉದ್ದನೆಯ ವಾಕ್ಯದಿಂದ ಕಿತ್ತುಕೊಂಡವು. ಹಳೆಯ ರಿಟ್ಟಿನಲ್ಲಿ, ಅಂದರೆ ರಾಜಾಜ್ಞೆಯ ಓಲೆಯಲ್ಲಿ, ರಾಜನು ಜೈಲರನಿಗೆ ಹೇಳುತ್ತಿದ್ದುದು ಇಷ್ಟು: ನಿನ್ನ ವಶದಲ್ಲಿದೆಯೆನ್ನಲಾದ ಇಂಥವನ ದೇಹವನ್ನು, ಅವನನ್ನು ಹಿಡಿದ ಮತ್ತು ಇಟ್ಟುಕೊಂಡ ಕಾರಣದ ಸಮೇತ, ಅವನು ಅಲ್ಲಿ ಯಾವ ಹೆಸರಿನಿಂದ ಕರೆಸಿಕೊಳ್ಳುತ್ತಿದ್ದರೂ ಸರಿ, ನಮ್ಮ ಎದುರಿಗೆ ತರತಕ್ಕದ್ದು; ನ್ಯಾಯಾಲಯ ಅವನ ಬಗ್ಗೆ ಏನು ಹೇಳುತ್ತದೋ ಅದಕ್ಕೆ ಅವನು ಒಳಗಾಗಲಿ; ಮತ್ತು ಬರುವಾಗ ಈ ಓಲೆಯನ್ನೂ ತರತಕ್ಕದ್ದು.

‘ಯಾವ ಹೆಸರಿನಿಂದ ಕರೆಸಿಕೊಳ್ಳುತ್ತಿದ್ದರೂ’ ಎಂಬ ಮಾತನ್ನು ಸೇರಿಸಿದವನು ಜೈಲರುಗಳ ಜಾಣತನವನ್ನು ಚೆನ್ನಾಗಿ ಬಲ್ಲವನೇ ಇರಬೇಕು. ‘ಆ ಹೆಸರಿನವರು ನಮ್ಮಲ್ಲಿ ಯಾರೂ ಇಲ್ಲ ಸ್ವಾಮಿ’ ಎಂದು ಓಲೆಯನ್ನು ಹಿಂದಕ್ಕೆ ಕಳಿಸುವ ದಾರಿ ಇದರಿಂದ ಮುಚ್ಚಿಹೋಯಿತು. ಓಲೆಯನ್ನು ವಾಪಸು ತರಬೇಕೆಂಬ ಷರತ್ತೂ ಸುಮ್ಮನೆ ಹಾಕಿದ್ದಲ್ಲ. ಬಂಧನಕ್ಕೆ ಕಾರಣವನ್ನು ಅದರ ಮೇಲೆಯೇ ಬರೆದು ಒಪ್ಪಿಸಬೇಕಿತ್ತು. ಆ ಉತ್ತರಕ್ಕೆ ಇಂಗ್ಲಿಷ್ ಕಾನೂನಿನಲ್ಲಿ ಇಂದಿಗೂ ‘ರಿಟರ್ನ್’ ಎನ್ನುತ್ತಾರೆ.

‘ಹೇಬಿಯಸ್ ಕಾರ್ಪಸ್’ ಎಂದು ಕರೆಸಿಕೊಳ್ಳುವ ರಿಟ್ಟುಗಳು ಇನ್ನೂ ಹಲವಿವೆ. ಬಂದಿಯನ್ನು ಸಾಕ್ಷಿ ಹೇಳಲು ಕರೆತರುವುದು ‘ಆಡ್ ಟೆಸ್ಟಿಫಿಕ್ಯಾಂಡಮ್’, ಮೊಕದ್ದಮೆ ಎದುರಿಸಲು ಕರೆತರುವುದು ‘ಆಡ್ ಪ್ರೊಸಿಕ್ವೆಂಡಮ್’. ಬಂಧನದ ನ್ಯಾಯ ಅನ್ಯಾಯವನ್ನು ಕೇಳುವ ನಮ್ಮ ಪರಿಚಯದ ರಿಟ್ ‘ಆಡ್ ಸಬ್ಜಿಶಿಯೆಂಡಮ್’. ಅದರ ಕೀರ್ತಿಯೇ ಹೆಚ್ಚಾದ್ದರಿಂದ ಬಾಲ ಉದುರಿ ತಲೆಯಷ್ಟೇ ಉಳಿಯಿತು.

ಹೀಗೆ ಮೊಟಕಾದಾಗ ‘ಕಾರಣದ ಸಮೇತ’ ಎಂಬ ತುಂಡೂ ಕಳೆದುಹೋಯಿತು, ಮತ್ತು ಕೆಲಸವನ್ನೆಲ್ಲ ಮಾಡುತ್ತಿದ್ದುದು ಅದೇ. ದೇಹಕ್ಕೆ ಹೆಸರು ಬಂತು, ದುಡಿದದ್ದು ಕಾರಣ. ಕಾರಣ ಎಂಬರ್ಥದ ಆ ‘ಕೌಸಾ’ ಬೇರೊಂದು ವೇಷದಲ್ಲಿ ನ್ಯಾಯಾಲಯದ ಗೋಡೆಯ ಮೇಲೆ ದಿನವೂ ಇರುತ್ತದೆ: ವಕೀಲರು ಬೆಳಿಗ್ಗೆ ಎದ್ದು ಮೊದಲು ನೋಡುವ ‘ಕಾಸ್ ಲಿಸ್ಟ್’ನ ‘ಕಾಸ್’ ಅದೇ.

ನೆಂಟರಿಷ್ಟರು

ಕ್ರಿಯಾಪದವನ್ನೇ ಹೆಸರು ಮಾಡಿಕೊಳ್ಳುವುದು ಇಂಗ್ಲಿಷ್ ನ್ಯಾಯಾಲಯಗಳ ಹಳೆಯ ಚಾಳಿ. ‘ಮ್ಯಾಂಡಮಸ್’ ಎಂದರೆ ‘ನಾವು ಆಜ್ಞಾಪಿಸುತ್ತೇವೆ’. ‘ಅಫಿಡವಿಟ್’ ಎಂದರೆ ‘ಅವನು ಪ್ರಮಾಣ ಮಾಡಿದ್ದಾನೆ’. ‘ಕೇವಿಯಟ್’ ಎಂದರೆ ‘ಅವನು ಎಚ್ಚರದಿಂದಿರಲಿ’. ನ್ಯಾಯಾಲಯದ ಹೊರಗೆ ಕೇಳುವ ‘ವೀಟೊ’ ಕೂಡ ಹೀಗೆಯೇ, ‘ನಾನು ತಡೆಯುತ್ತೇನೆ’. ಜಮೀನಿನ ವ್ಯಾಜ್ಯಕ್ಕೆ ಬಸ್ಸು ಹತ್ತಿ ತಾಲ್ಲೂಕು ಕೋರ್ಟಿಗೆ ಬಂದ ರೈತ ‘ಅವರು ಕೇವಿಯಟ್ ಹಾಕಿಬಿಟ್ಟಿದಾರೆ, ನಾವು ಅಫಿಡವಿಟ್ ಕೊಡಬೇಕಂತೆ’ ಎನ್ನುವಾಗ, ಒಂದೇ ಉಸಿರಿನಲ್ಲಿ ಎರಡು ಲ್ಯಾಟಿನ್ ವಾಕ್ಯಗಳನ್ನು ಹೇಳಿ ಮುಗಿಸಿರುತ್ತಾನೆ.

ಈ ಬಳಗದಲ್ಲಿ ನನಗೆ ಅಚ್ಚುಮೆಚ್ಚಿನದು ‘ಇಗ್ನೊರೇಮಸ್’. ‘ನಮಗೆ ಗೊತ್ತಿಲ್ಲ’ ಎಂದು ಅದರ ಅರ್ಥ. ಆರೋಪಕ್ಕೆ ಸಾಕಷ್ಟು ಆಧಾರವಿಲ್ಲ ಎನಿಸಿದಾಗ ಇಂಗ್ಲೆಂಡಿನ ಗ್ರ್ಯಾಂಡ್ ಜ್ಯೂರಿಗಳು ಆರೋಪಪತ್ರದ ಬೆನ್ನಿಗೆ ಹೀಗೆ ಬರೆಯುತ್ತಿದ್ದವು. ಜಾರ್ಜ್ ರಗಲ್ 1615ರಲ್ಲಿ ಕೇಂಬ್ರಿಜ್‌ನಲ್ಲಿ ಆಡಿಸಿದ ಪ್ರಹಸನದಲ್ಲಿ ಒಬ್ಬ ದಡ್ಡ ವಕೀಲನಿಗೆ ಆ ಹೆಸರಿಟ್ಟ. ಅಂದಿನಿಂದ ಪ್ರಾಮಾಣಿಕ ಒಪ್ಪಿಗೆಯ ಮಾತೊಂದು ಬೈಗುಳವಾಯಿತು.

1733ರಲ್ಲಿ ಬ್ರಿಟಿಷ್ ಸಂಸತ್ತಿನ ಕಾನೂನೊಂದು ಜಾರಿಗೆ ಬಂದು ನ್ಯಾಯಾಲಯದ ಕಾಗದಪತ್ರಗಳಿಂದ ಲ್ಯಾಟಿನ್ ಹೊರಬಿತ್ತು. ಹೆಸರುಗಳು ಮಾತ್ರ ಜಗ್ಗಲಿಲ್ಲ. 1999ರ ನಂತರದ ಸುಧಾರಣೆಗಳಲ್ಲಿ ಇಂಗ್ಲೆಂಡ್ ಅವನ್ನೂ ಗುಡಿಸಿತು. ಅಲ್ಲಿ ಮ್ಯಾಂಡಮಸ್, ಸರ್ಷಿಯೊರಾರಿಯಂಥ ರಿಟ್ಟುಗಳಿಗೆ ಈಗ ಸಾದಾ ಇಂಗ್ಲಿಷ್ ಹೆಸರುಗಳಿವೆ. ಆ ಪೊರಕೆಗೂ ಸಿಗದೆ ಉಳಿದದ್ದು ಹೇಬಿಯಸ್ ಕಾರ್ಪಸ್. ನಮ್ಮ ಸಂವಿಧಾನದ 32ನೇ ವಿಧಿಯ ಇಂಗ್ಲಿಷ್ ಪಠ್ಯದಲ್ಲಂತೂ ಐದೂ ರಿಟ್ಟುಗಳು ಹಳೆಯ ಹೆಸರಿನಲ್ಲೇ ಕೂತಿವೆ. ತವರಿನಲ್ಲಿ ಮರೆತ ಸಂಪ್ರದಾಯವನ್ನು ದೂರದ ಊರಿಗೆ ಹೋದವರು ಬಿಡದೆ ಪಾಲಿಸುವುದುಂಟಲ್ಲ, ಹಾಗೆ.

ಒಳಗೆ ತಳ್ಳುತ್ತಿದ್ದ ಓಲೆ

ಹದಿಮೂರನೇ ಶತಮಾನದಲ್ಲಿ ಈ ಪದಗಳಿಗೂ ಸ್ವಾತಂತ್ರ್ಯಕ್ಕೂ ನಂಟಿರಲಿಲ್ಲ. ಪ್ರತಿವಾದಿಯನ್ನೋ ಜ್ಯೂರಿಗೆ ಬರಬೇಕಾದವನನ್ನೋ ಹಿಡಿದು ತರಲು ಶೆರೀಫನಿಗೆ ಕೊಡುತ್ತಿದ್ದ ಆಜ್ಞೆ ಅದು. 1215ರ ಮ್ಯಾಗ್ನಾ ಕಾರ್ಟಾದ 39ನೇ ಕಲಮು ಕಾನೂನಿನ ಕ್ರಮವಿಲ್ಲದೆ ಸ್ವತಂತ್ರ ಮನುಷ್ಯನನ್ನು ಬಂಧಿಸಬಾರದು ಎನ್ನುತ್ತದೆ ನಿಜ, ಆದರೆ ಹೇಬಿಯಸ್ ಕಾರ್ಪಸ್ ಎಂಬ ಮಾತು ಅದರಲ್ಲಿಲ್ಲ. ಎರಡನ್ನೂ ಗಂಟುಹಾಕಿದವರು ಬಹಳ ಕಾಲದ ಮೇಲೆ ಬಂದ ವಕೀಲರು. ರಾಜನ ನ್ಯಾಯಾಲಯಗಳು ಚರ್ಚಿನ, ಊರಿನ, ಜಮೀನ್ದಾರರ ನ್ಯಾಯಾಲಯಗಳೊಡನೆ ಅಧಿಕಾರಕ್ಕಾಗಿ ಜಗಳವಾಡುತ್ತಿದ್ದ ಕಾಲದಲ್ಲಿ ಈ ಓಲೆ ತಿರುಗಿ ನಿಂತಿತು. ‘ನಮ್ಮ ಪ್ರಜೆಯನ್ನು ನೀವೇಕೆ ಹಿಡಿದಿಟ್ಟಿದ್ದೀರಿ, ಇಲ್ಲಿಗೆ ತನ್ನಿ’ ಎಂದು ರಾಜನ ನ್ಯಾಯಾಧೀಶರು ಕೇಳತೊಡಗಿದರು. ಇತಿಹಾಸಕಾರ ಪಾಲ್ ಹ್ಯಾಲಿಡೇ 2010ರ ತನ್ನ ಪುಸ್ತಕದಲ್ಲಿ ತೋರಿಸುವಂತೆ, ಇದು ಪ್ರಜೆಯ ಹಕ್ಕಿನಿಂದಲ್ಲ, ರಾಜನ ಅಧಿಕಾರದಿಂದ ಬಲ ಪಡೆದದ್ದು.

ಹಾಗಾದರೆ ರಾಜನೇ ಹಿಡಿದಿಟ್ಟರೆ? 1627ರಲ್ಲಿ ಒಂದನೇ ಚಾರ್ಲ್ಸ್ ಬಲವಂತದ ಸಾಲ ಎತ್ತಿದಾಗ ಕೊಡಲೊಪ್ಪದ ಸರ್ ಥಾಮಸ್ ಡಾರ್ನೆಲ್ ಮತ್ತು ಇತರ ನಾಲ್ವರು ನೈಟ್‌ಗಳು ಸೆರೆಮನೆ ಸೇರಿದರು. ರಿಟ್ ಹೋಯಿತು, ದೇಹಗಳೂ ಬಂದವು. ಕಾರಣದ ಜಾಗದಲ್ಲಿ ‘ಪ್ರಭುಗಳ ವಿಶೇಷ ಅಪ್ಪಣೆ’ ಎಂದಷ್ಟೇ ಬರೆದಿತ್ತು. ಅದಕ್ಕಿಂತ ಹೆಚ್ಚಿನ ಕಾರಣ ಹೇಳಬೇಕಿಲ್ಲವೆಂದು ನ್ಯಾಯಾಧೀಶರು ಜಾಮೀನು ನಿರಾಕರಿಸಿದರು. ಆ ಸಿಟ್ಟು ಮರುವರ್ಷವೇ ‘ಪಿಟಿಷನ್ ಆಫ್ ರೈಟ್’ ಆಗಿ ಹೊರಬಂತು.

ಜೈಲರುಗಳೂ ತಮ್ಮ ಪಾಲಿನ ಆಟ ಆಡುತ್ತಿದ್ದರು. ರಿಟ್ ಬರುವ ಸುಳಿವು ಸಿಕ್ಕರೆ ಬಂದಿಯನ್ನು ಇನ್ನೊಂದು ಜೈಲಿಗೆ ಸಾಗಿಸುವುದು, ಅಲ್ಲಿಂದ ಮತ್ತೊಂದಕ್ಕೆ. ದೂರದ ದ್ವೀಪಕ್ಕೆ ಕಳಿಸಿದರೆ ಓಲೆ ತಲುಪುವುದೇ ಇಲ್ಲ. ಜನರನ್ನು ಹಾಗೆ ಕಳಿಸಿದನೆಂಬುದು 1667ರಲ್ಲಿ ರಾಜನ ಮಂತ್ರಿಯಾಗಿದ್ದ ಅರ್ಲ್ ಆಫ್ ಕ್ಲಾರೆಂಡನ್ ಮೇಲೆ ಬಂದ ಆರೋಪಗಳಲ್ಲಿ ಒಂದು. ಹೀಗಾಗಿ 1679ರ ಹೇಬಿಯಸ್ ಕಾರ್ಪಸ್ ಕಾಯ್ದೆಯಲ್ಲಿ ದೊಡ್ಡ ತತ್ತ್ವಗಳಿಗಿಂತ ಮೈಲಿ, ದಿನ, ಪೌಂಡುಗಳ ಲೆಕ್ಕವೇ ಜಾಸ್ತಿ. ಜೈಲು 20 ಮೈಲಿಯೊಳಗಿದ್ದರೆ 3 ದಿನದಲ್ಲಿ ಬಂದಿಯನ್ನು ತರಬೇಕು, 100 ಮೈಲಿಯೊಳಗಿದ್ದರೆ 10 ದಿನ, ಅದಕ್ಕೂ ದೂರವಾದರೆ 20 ದಿನ. ತಪ್ಪಿದ ಜೈಲರನಿಗೆ ಮೊದಲ ಸಲ 100 ಪೌಂಡ್, ಎರಡನೇ ಸಲ 200 ಪೌಂಡ್ ದಂಡ. ರಜೆಯ ಕಾಲದಲ್ಲಿ ರಿಟ್ ಕೊಡಲು ಒಪ್ಪದ ನ್ಯಾಯಾಧೀಶನಿಗೆ 500 ಪೌಂಡ್. ಹಕ್ಕುಗಳ ಬಗ್ಗೆ ಬರೆಯುವವರು ಈ ಭಾಗವನ್ನು ಹಾರಿಸಿಬಿಡುತ್ತಾರೆ. ನನಗೋ ಅದೇ ಆ ಕಾಯ್ದೆಯ ಜೀವಾಳ ಎನಿಸುತ್ತದೆ.

ಆ ಮಸೂದೆ ಲಾರ್ಡ್ಸ್ ಸಭೆಯಲ್ಲಿ ಪಾಸಾದ ಬಗ್ಗೆ ಬಿಷಪ್ ಬರ್ನೆಟ್ ಹೇಳಿದ ಕಥೆಯೊಂದಿದೆ. ಮತ ಎಣಿಸುವಾಗ ದಢೂತಿ ಲಾರ್ಡ್ ಒಬ್ಬ ಬಂದನಂತೆ. ಎಣಿಸುತ್ತಿದ್ದ ಲಾರ್ಡ್ ಗ್ರೇ ತಮಾಷೆಗೆ ಅವನನ್ನು ಹತ್ತು ಎಂದು ಲೆಕ್ಕ ಹಿಡಿದನಂತೆ. ಜೊತೆಗಿದ್ದ ಇನ್ನೊಬ್ಬ ಎಣಿಕೆದಾರನ ಗಮನ ಬೇರೆಲ್ಲೋ ಇದ್ದುದರಿಂದ ಅದು ಹಾಗೆಯೇ ದಾಖಲಾಯಿತಂತೆ. ಕಥೆ ನಿಜವೋ ಸುಳ್ಳೋ, 57ಕ್ಕೆ 55 ಎಂಬ ಎಣಿಕೆ ಮಾತ್ರ ಅಂದು ಸಭೆಯಲ್ಲಿ ಹಾಜರಿದ್ದರೆಂದು ದಾಖಲಾದವರ ಸಂಖ್ಯೆಯನ್ನು ಮೀರಿತ್ತು. ದೇಹದ ಹೆಸರಿನ ಕಾಯ್ದೆಗೆ ಒಂದು ಭಾರಿ ದೇಹವೇ ನೆರವಾಯಿತೆಂದರೆ ನಗು ತಡೆಯುವುದು ಕಷ್ಟ.

ಥೇಮ್ಸ್‌ನಲ್ಲಿ ನಿಂತಿದ್ದ ಹಡಗು

ಜೇಮ್ಸ್ ಸಾಮರ್‌ಸೆಟ್ ಆಫ್ರಿಕಾದಲ್ಲಿ ಹುಟ್ಟಿ, ವರ್ಜೀನಿಯಾದಲ್ಲಿ ಮಾರಾಟವಾದ ಗುಲಾಮ. ಒಡೆಯ ಚಾರ್ಲ್ಸ್ ಸ್ಟುವರ್ಟ್ 1769ರಲ್ಲಿ ಅವನನ್ನು ಇಂಗ್ಲೆಂಡಿಗೆ ಕರೆತಂದ. 1771ರಲ್ಲಿ ಸಾಮರ್‌ಸೆಟ್ ತಪ್ಪಿಸಿಕೊಂಡ, ಮತ್ತೆ ಸಿಕ್ಕಿಬಿದ್ದ. ಜಮೈಕಾಕ್ಕೆ ಒಯ್ದು ಮಾರಲೆಂದು ‘ಆ್ಯನ್ ಅಂಡ್ ಮೇರಿ’ ಹಡಗಿನಲ್ಲಿ ಅವನನ್ನು ಸಂಕೋಲೆ ಹಾಕಿ ಇಟ್ಟಿದ್ದರು. ಅವನ ದೀಕ್ಷಾಸ್ನಾನಕ್ಕೆ ಸಾಕ್ಷಿ ನಿಂತಿದ್ದವರು ರಿಟ್ ತಂದರು. ಓಲೆ ಹೋದದ್ದು ಒಡೆಯನಿಗಲ್ಲ, ಹಡಗಿನ ಕ್ಯಾಪ್ಟನ್ ಜಾನ್ ನೋಲ್ಸ್‌ಗೆ, ಏಕೆಂದರೆ ದೇಹ ಇದ್ದುದು ಅವನ ವಶದಲ್ಲಿ.

ನೋಲ್ಸ್ ಓಲೆಗೆ ಬೆಲೆ ಕೊಟ್ಟು ದೇಹವನ್ನು ತಂದ, ಕಾರಣವನ್ನೂ ಬರೆದ: ಇವನು ಸ್ಟುವರ್ಟನ ಗುಲಾಮ, ಒಡೆಯ ಇಟ್ಟುಕೋ ಎಂದ, ಇಟ್ಟುಕೊಂಡೆ. ಆ ಕಾರಣ ಇಂಗ್ಲೆಂಡಿನ ಕಾನೂನಿಗೆ ಒಪ್ಪಿತವೇ ಎಂಬುದೊಂದೇ ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಎದುರಿಗಿದ್ದ ಪ್ರಶ್ನೆ. 1772ರ ಜೂನ್ 22ರಂದು ಒಪ್ಪಿತವಲ್ಲ ಎಂದು ಹೇಳಿ ಅವನು ಸಾಮರ್‌ಸೆಟ್‌ನನ್ನು ಬಿಡಿಸಿದ. ತೀರ್ಪು ಗುಲಾಮಗಿರಿಯನ್ನು ತೊಡೆದುಹಾಕಲಿಲ್ಲ. ಬ್ರಿಟಿಷ್ ವಸಾಹತುಗಳ ಕಬ್ಬಿನ ತೋಟಗಳಲ್ಲಿ ಅದು ಇನ್ನೂ ಅರವತ್ತು ವರ್ಷ ನಡೆಯಿತು.

‘ಸಸ್ಪೆಂಡ್’ ಎಂಬ ಜೊತೆಗಾರ

ಇಂಗ್ಲಿಷಿನಲ್ಲಿ ಈ ನುಡಿಗಟ್ಟಿಗೆ ಅಂಟಿಕೊಂಡೇ ತಿರುಗುವ ಕ್ರಿಯಾಪದವೆಂದರೆ ‘ಸಸ್ಪೆಂಡ್’. 1794ರಲ್ಲಿ, 1817ರಲ್ಲಿ ಬ್ರಿಟಿಷ್ ಸಂಸತ್ತೇ ಅದನ್ನು ಅಮಾನತಿನಲ್ಲಿಟ್ಟಿತ್ತು. ದಂಗೆ ಅಥವಾ ಆಕ್ರಮಣದ ಹೊತ್ತಿನಲ್ಲಿ ಸಾರ್ವಜನಿಕ ಸುರಕ್ಷತೆಗೆ ಬೇಕೆನಿಸಿದರೆ ಮಾತ್ರ ಅಮಾನತು ಮಾಡಬಹುದು ಎಂದು ಅಮೆರಿಕದ ಸಂವಿಧಾನ ಬರೆದುಕೊಂಡಿತು, ಯಾರು ಮಾಡಬಹುದು ಎಂದು ಬಿಡಿಸಿ ಹೇಳಲಿಲ್ಲ. 1861ರ ಏಪ್ರಿಲ್‌ನಲ್ಲಿ, ಕಾಂಗ್ರೆಸ್ ಸಭೆ ಸೇರಿಲ್ಲದ ಹೊತ್ತಿನಲ್ಲಿ, ಅಧ್ಯಕ್ಷ ಲಿಂಕನ್ ತಾವೇ ಮಾಡಿದರು. ಮೇರಿಲ್ಯಾಂಡಿನ ಜಾನ್ ಮೆರಿಮನ್ ಎಂಬವನನ್ನು ಸೈನಿಕರು ಹಿಡಿದು ಫೋರ್ಟ್ ಮೆಕ್‌ಹೆನ್ರಿಯಲ್ಲಿಟ್ಟಾಗ ಮುಖ್ಯ ನ್ಯಾಯಮೂರ್ತಿ ಟೇನಿ ರಿಟ್ ಹೊರಡಿಸಿದರು. ಸೇನಾಧಿಕಾರಿ ದೇಹವನ್ನು ತರಲಿಲ್ಲ. ನ್ಯಾಯಾಲಯದ ಅಧಿಕಾರಿಯನ್ನು ಕೋಟೆಯ ಒಳಗೂ ಬಿಡಲಿಲ್ಲ. ಈ ಅಧಿಕಾರ ಅಧ್ಯಕ್ಷರಿಗಿಲ್ಲ ಎಂದು ಟೇನಿ ಬರೆದರು, ಲಿಂಕನ್ ಕೇಳಲಿಲ್ಲ. 1863ರಲ್ಲಿ ಕಾಂಗ್ರೆಸ್ ಕಾನೂನು ಮಾಡಿ ಅಧ್ಯಕ್ಷರಿಗೆ ಆ ಅಧಿಕಾರ ಕೊಟ್ಟಿತು.

ದ್ವೀಪಕ್ಕೆ ಸಾಗಿಸುವ ಕ್ಲಾರೆಂಡನ್ ಉಪಾಯವೂ 2002ರಲ್ಲಿ ಮರಳಿ ಬಂತು. ಕ್ಯೂಬಾದ ನೆಲದಲ್ಲಿರುವ ಗ್ವಾಂಟನಾಮೊ ನೌಕಾನೆಲೆಯಲ್ಲಿ ಬಂದಿಗಳನ್ನಿಟ್ಟು, ಅದು ಅಮೆರಿಕದ ನೆಲವಲ್ಲವಾದ್ದರಿಂದ ಓಲೆ ಅಲ್ಲಿಗೆ ತಲುಪದು ಎಂದು ಸರ್ಕಾರ ವಾದಿಸಿತು. 2008ರ ಜೂನ್ 12ರಂದು ಬೂಮೆದಿಯನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ ತಲುಪುತ್ತದೆ ಎಂದಿತು.

ಕಂಪನಿ ಸರ್ಕಾರದ ಕಾಲ

ನಮ್ಮಲ್ಲಿಗೆ ಈ ರಿಟ್ ಬಂದದ್ದು ಕಂಪನಿ ಕಾಲದ ಸುಪ್ರೀಂ ಕೋರ್ಟುಗಳ ಬೆನ್ನು ಹತ್ತಿ. ಬಾಂಬೆಯಲ್ಲಿ 1828ರಲ್ಲಿ ಅದು ದೊಡ್ಡ ರಂಪವನ್ನೇ ಎಬ್ಬಿಸಿತು. ಪುಣೆಯಲ್ಲಿ ಬಂಧುವೊಬ್ಬರ ಪೋಷಣೆಯಲ್ಲಿದ್ದ ಮೋರೊ ರಘುನಾಥ ಎಂಬ ಹುಡುಗನನ್ನು ಹಾಜರುಪಡಿಸಲು ಕೋರ್ಟು ರಿಟ್ ಕಳಿಸಿತು. ಪುಣೆ ನಿಮ್ಮ ವ್ಯಾಪ್ತಿಗೆ ಸೇರಿಲ್ಲ ಎಂದು ಗವರ್ನರ್ ಜಾನ್ ಮಾಲ್ಕಂ ಅದನ್ನು ಜಾರಿ ಮಾಡಲು ಒಪ್ಪಲಿಲ್ಲ. ನ್ಯಾಯಮೂರ್ತಿ ಜಾನ್ ಪೀಟರ್ ಗ್ರಾಂಟ್ ಸಿಟ್ಟಿಗೆದ್ದು 1829ರಲ್ಲಿ ಕೋರ್ಟಿನ ಬಾಗಿಲನ್ನೇ ಮುಚ್ಚಿದರು. ವಿಷಯ ಲಂಡನ್ನಿನ ಪ್ರಿವಿ ಕೌನ್ಸಿಲ್‌ಗೆ ಹೋಗಿ ತೀರ್ಮಾನ ಗವರ್ನರನ ಕಡೆಗಾಯಿತು. ಮುಂದೆ 1898ರ ದಂಡ ಪ್ರಕ್ರಿಯಾ ಸಂಹಿತೆಯ 491ನೇ ಕಲಮಿನಲ್ಲಿ, 1950ರಿಂದ ಸಂವಿಧಾನದ 32 ಮತ್ತು 226ನೇ ವಿಧಿಗಳಲ್ಲಿ ಅದಕ್ಕೆ ಭದ್ರವಾದ ಜಾಗ ಸಿಕ್ಕಿತು.

ಬೆಂಗಳೂರಿನ ಸೆಂಟ್ರಲ್ ಜೈಲು, 1975

ತುರ್ತು ಪರಿಸ್ಥಿತಿ ಘೋಷಣೆಯಾದಾಗ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮತ್ತು ಎಸ್.ಎನ್. ಮಿಶ್ರಾ ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದರು. ಜೂನ್ 26ರಂದು ಆಂತರಿಕ ಭದ್ರತಾ ಕಾಯ್ದೆಯಾದ ಮೀಸಾ ಅಡಿಯಲ್ಲಿ ನಾಲ್ವರನ್ನೂ ಬಂಧಿಸಿ, ಇಂದು ಫ್ರೀಡಂ ಪಾರ್ಕ್ ಆಗಿರುವ ಅಂದಿನ ಸೆಂಟ್ರಲ್ ಜೈಲಿನಲ್ಲಿಟ್ಟರು. ಅವರ ಪರವಾಗಿ ಕರ್ನಾಟಕ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಹೋಯಿತು. ಇಲ್ಲಿ ದೇಹ ಎಲ್ಲಿದೆ ಎಂಬುದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಕಾರಣವನ್ನು ಕೇಳುವ ಅಧಿಕಾರ ನ್ಯಾಯಾಲಯಕ್ಕಿದೆಯೇ ಎಂಬುದಷ್ಟೇ ಚರ್ಚೆ.

ಸರ್ಕಾರದ ವಾದ ಹೀಗಿತ್ತು: 359ನೇ ವಿಧಿಯಡಿ ರಾಷ್ಟ್ರಪತಿಗಳು ಜೂನ್ 27ರಂದು ಹೊರಡಿಸಿದ ಆದೇಶದ ಪ್ರಕಾರ, ಜೀವ ಮತ್ತು ಸ್ವಾತಂತ್ರ್ಯದ ಹಕ್ಕನ್ನು ಎತ್ತಿ ಯಾರೂ ಕೋರ್ಟಿಗೆ ಹೋಗುವಂತಿಲ್ಲ, ಹೋಗುವಂತಿಲ್ಲವಾದ್ದರಿಂದ ಅರ್ಜಿಯೇ ನಿಲ್ಲದು. ಒಂಬತ್ತು ಹೈಕೋರ್ಟುಗಳು ಇದನ್ನು ಒಪ್ಪಲಿಲ್ಲ, ಕರ್ನಾಟಕದ್ದೂ ಅವುಗಳಲ್ಲೊಂದು. ಎಲ್ಲ ಮೇಲ್ಮನವಿಗಳೂ ಒಟ್ಟಾಗಿ ‘ಎಡಿಎಂ ಜಬಲ್ಪುರ’ ಎಂಬ ಹೆಸರಿನಲ್ಲಿ ಸುಪ್ರೀಂ ಕೋರ್ಟಿನಲ್ಲಿ ವಿಚಾರಣೆಗೆ ಬಂದವು. ಪೊಲೀಸನೊಬ್ಬ ವೈಯಕ್ತಿಕ ದ್ವೇಷದಿಂದ ಕೊಂದರೂ ಪರಿಹಾರವಿಲ್ಲವೇ ಎಂದು ನ್ಯಾಯಮೂರ್ತಿ ಎಚ್.ಆರ್. ಖನ್ನಾ ಕೇಳಿದರು. ತುರ್ತು ಪರಿಸ್ಥಿತಿ ಇರುವತನಕ ಇಲ್ಲ ಎಂದು ಅಟಾರ್ನಿ ಜನರಲ್ ನಿರೇನ್ ಡೇ ಒಪ್ಪಿಕೊಂಡರು. 1976ರ ಏಪ್ರಿಲ್ 28ರಂದು ನಾಲ್ವರು ನ್ಯಾಯಮೂರ್ತಿಗಳು ಸರ್ಕಾರದ ಪರ ನಿಂತರು. ಖನ್ನಾ ಒಬ್ಬರೇ ಭಿನ್ನಮತ ಬರೆದರು. ಮರುವರ್ಷದ ಜನವರಿಯಲ್ಲಿ ಅವರನ್ನು ದಾಟಿ ಎಂ.ಎಚ್. ಬೇಗ್ ಮುಖ್ಯ ನ್ಯಾಯಮೂರ್ತಿಯಾದರು, ಖನ್ನಾ ರಾಜೀನಾಮೆ ಕೊಟ್ಟು ಹೊರನಡೆದರು.

1978ರ 44ನೇ ತಿದ್ದುಪಡಿ 20 ಮತ್ತು 21ನೇ ವಿಧಿಗಳಿಗೆ ಈ ಅಮಾನತಿನಿಂದ ಮುಕ್ತಿ ಕೊಟ್ಟಿತು. ಆದರೂ ತೀರ್ಪು ಪುಸ್ತಕದಲ್ಲಿ ಹಾಗೇ ಇತ್ತು. ಅದನ್ನು ಅಧಿಕೃತವಾಗಿ ತಳ್ಳಿಹಾಕಿದ್ದು 2017ರ ಆಗಸ್ಟ್ 24ರ ಖಾಸಗಿತನದ ತೀರ್ಪು. ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ತಳ್ಳಿಹಾಕುವ ಮಾತುಗಳನ್ನು ಬರೆದವರು ಡಿ.ವೈ. ಚಂದ್ರಚೂಡ್, 1976ರ ಬಹುಮತದಲ್ಲಿದ್ದ ವೈ.ವಿ. ಚಂದ್ರಚೂಡರ ಮಗ.

ತರಲು ದೇಹವೇ ಇಲ್ಲದಾಗ

ಕಲ್ಲಿಕೋಟೆಯ ರೀಜನಲ್ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿ ಪಿ. ರಾಜನ್‌ನನ್ನು 1976ರ ಮಾರ್ಚ್ 1ರಂದು ಪೊಲೀಸರು ಹಾಸ್ಟೆಲಿನಿಂದ ಹಿಡಿದೊಯ್ದರು. ತಂದೆ ಟಿ.ವಿ. ಈಚರ ವಾರಿಯರ್, ಹಿಂದಿ ಅಧ್ಯಾಪಕರು, ಒಂದು ವರ್ಷ ಕಂಡಕಂಡ ಕಚೇರಿಗಳ ಬಾಗಿಲು ಬಡಿದರು. ತುರ್ತು ಪರಿಸ್ಥಿತಿ ಮುಗಿದ ಕೆಲವೇ ದಿನಗಳಲ್ಲಿ ಕೇರಳ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ಅಂಥವನನ್ನು ನಾವು ಬಂಧಿಸಿಯೇ ಇಲ್ಲ ಎಂದು ಸರ್ಕಾರ ಪ್ರಮಾಣಪತ್ರ ಕೊಟ್ಟಿತು. ಸಾಕ್ಷ್ಯ ನೋಡಿದ ಕೋರ್ಟು ಅದನ್ನು ನಂಬದೆ ಹುಡುಗನನ್ನು ಹಾಜರುಪಡಿಸಿ ಎಂದಿತು. ಹಾಜರುಪಡಿಸಲಾಗದು, ಕಕ್ಕಯಂ ಪೊಲೀಸ್ ಕ್ಯಾಂಪಿನಲ್ಲಿ ಅವನು ಸತ್ತಿದ್ದ. ತುರ್ತು ಪರಿಸ್ಥಿತಿಯಲ್ಲಿ ಗೃಹ ಸಚಿವರಾಗಿದ್ದು ಆಗಷ್ಟೇ ಮುಖ್ಯಮಂತ್ರಿಯಾಗಿದ್ದ ಕೆ. ಕರುಣಾಕರನ್ 1977ರ ಏಪ್ರಿಲ್‌ನಲ್ಲಿ ರಾಜೀನಾಮೆ ಕೊಡಬೇಕಾಯಿತು. ರಾಜನ್ ದೇಹ ಕೊನೆಗೂ ಸಿಗಲಿಲ್ಲ.

ಇದಕ್ಕೆ ತಿರುಗುಮುರುಗಾದ ಸಂದರ್ಭವೂ ಇದೆ. ನಕ್ಸಲ್ ನಾಯಕ ಕಾನು ಸನ್ಯಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬಂಧನ ಸರಿಯೇ ಎಂದು ತೀರ್ಮಾನಿಸಲು ಬಂದಿಯನ್ನು ಎದುರಿಗೆ ತಂದು ನಿಲ್ಲಿಸಲೇಬೇಕೆಂದಿಲ್ಲ ಎಂದು ಹೇಳಿತು. ಅಂದರೆ ಹೇಬಿಯಸ್ ಕಾರ್ಪಸ್ ವಿಚಾರಣೆಗೆ ಕಾರ್ಪಸ್ ಕಡ್ಡಾಯವಲ್ಲ. ಕಾರಣವಿಲ್ಲದೆ ಮಾತ್ರ ನಡೆಯದು.

ಇಂಗ್ಲಿಷ್ ಬರವಣಿಗೆಯಲ್ಲಿ

ಇಂಗ್ಲಿಷರು ಇದನ್ನು ‘ಹೇಬಿಯಸ್ ಕಾರ್ಪಸ್’ ಎಂದು ತಮ್ಮ ನಾಲಿಗೆಗೆ ಬಗ್ಗಿಸಿಕೊಂಡಿದ್ದಾರೆ. ಪ್ರಾಚೀನ ರೋಮಿನವನೊಬ್ಬ ಕೇಳಿಸಿಕೊಂಡರೆ ‘ಹಬೆಯಾಸ್ ಕೊರ್ಪುಸ್’ ಎಂದು ತಿದ್ದುತ್ತಿದ್ದ. ಪೂರ್ತಿ ಮನೆಯವನಾದ ಪದವಾದ್ದರಿಂದ ಅದನ್ನು ಓರೆ ಅಕ್ಷರದಲ್ಲಿ ಅಚ್ಚು ಹಾಕುವ ರೂಢಿ ಬಹುಮಟ್ಟಿಗೆ ಹೋಗಿದೆ. ಬಹುವಚನ ಬೇಕಾದಾಗ ಲ್ಯಾಟಿನ್ನಿನ ಗೊಡವೆಗೆ ಹೋಗದೆ ‘ರಿಟ್ಸ್ ಆಫ್ ಹೇಬಿಯಸ್ ಕಾರ್ಪಸ್’ ಎನ್ನುತ್ತಾರೆ. ಅಮೆರಿಕದ ವಕೀಲರು ಅರ್ಧಕ್ಕೆ ಕತ್ತರಿಸಿ ‘ಹೇಬಿಯಸ್’ ಎಂದಷ್ಟೇ ಹೇಳುತ್ತಾರೆ. ‘ನೀನು ಹೊಂದಿರತಕ್ಕದ್ದು’ ಎಂಬ ಕ್ರಿಯಾಪದ ಅಲ್ಲಿ ನಾಮಪದವೂ ಆಗಿದೆ, ವಿಶೇಷಣವೂ ಆಗಿದೆ. ಅದರ ಬಿರುದು ‘ಗ್ರೇಟ್ ರಿಟ್’.

ದೇಹದ ಜಾಗದಲ್ಲಿ ಬೇರೆ ಪದ ಕೂರಿಸಿ ಹೊಸದನ್ನು ಕಟ್ಟುವುದೂ ನಡೆದಿದೆ. ಬ್ರೆಜಿಲ್‌ನ 1988ರ ಸಂವಿಧಾನ ‘ಹೇಬಿಯಸ್ ಡಾಟಾ’ ಎಂಬ ಪರಿಹಾರವನ್ನು ತಂದಿತು: ನನ್ನ ಬಗ್ಗೆ ನೀವು ಇಟ್ಟುಕೊಂಡಿರುವ ಮಾಹಿತಿಯನ್ನು ತೋರಿಸಿ. ಇನ್ನು ದೇಹ ಎಂದರೆ ಯಾರ ದೇಹ? ಅರ್ಜೆಂಟೀನಾದ ಮೆಂಡೋಸಾದಲ್ಲಿ 2016ರಲ್ಲಿ ಸೆಸಿಲಿಯಾ ಎಂಬ ಚಿಂಪಾಂಜಿಗೆ ಈ ರಿಟ್ ಸಿಕ್ಕಿ, ಅದು ಮೃಗಾಲಯದಿಂದ ಬ್ರೆಜಿಲ್‌ನ ಅಭಯಧಾಮಕ್ಕೆ ಹೋಯಿತು. ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದ ಹ್ಯಾಪಿ ಎಂಬ ಆನೆಯ ಪರವಾಗಿ ಹಾಕಿದ ಅರ್ಜಿಯನ್ನು ರಾಜ್ಯದ ಅತ್ಯುನ್ನತ ನ್ಯಾಯಾಲಯ 2022ರಲ್ಲಿ 5–2ರಿಂದ ತಿರಸ್ಕರಿಸಿತು.

ಡಬ್ಲ್ಯೂಪಿಎಚ್‌ಸಿ

ಕರ್ನಾಟಕ ಹೈಕೋರ್ಟಿನ ಪಟ್ಟಿಯಲ್ಲಿ ಈ ಅರ್ಜಿಗಳ ಗುರುತು ‘ಡಬ್ಲ್ಯೂಪಿಎಚ್‌ಸಿ’, ಅಂದರೆ ರಿಟ್ ಪಿಟಿಷನ್ ಹೇಬಿಯಸ್ ಕಾರ್ಪಸ್. ಬೆಂಗಳೂರು, ಧಾರವಾಡ, ಕಲಬುರಗಿ ಮೂರೂ ಕಡೆ ಇವು ಬರುತ್ತವೆ. ಮನೆಬಿಟ್ಟು ಹೋದ ಮಗಳ ಅರ್ಜಿಯಾದರೆ ಪೊಲೀಸರು ಅವಳನ್ನು ಹುಡುಕಿ ತಂದು ನಿಲ್ಲಿಸುತ್ತಾರೆ. ನ್ಯಾಯಮೂರ್ತಿಗಳು ಅವಳ ವಯಸ್ಸು ನೋಡುತ್ತಾರೆ, ಅವಳನ್ನು ಯಾರಾದರೂ ತಡೆದಿಟ್ಟಿದ್ದಾರೆಯೇ ಎಂದು ಕೇಳುತ್ತಾರೆ. ಹದಿನೆಂಟು ದಾಟಿದ್ದು ‘ನಾನಾಗಿಯೇ ಹೋದೆ’ ಎಂದಳೋ, ಹಿಡಿದಿಟ್ಟವರೇ ಇಲ್ಲವೆಂದಾಯಿತು, ಅರ್ಜಿ ಅಲ್ಲಿಗೆ ವಿಲೇವಾರಿ. ಹೊಸಿಲಲ್ಲಿ ನಿಂತ ಅಪ್ಪ ಅಮ್ಮನ ಅಳುವಿಗೆ ಈ ರಿಟ್ಟಿನಲ್ಲಿ ಕಲಮಿಲ್ಲ.

ಗೂಂಡಾ ಕಾಯ್ದೆಯ ಅರ್ಜಿಗಳ ದಾರಿಯೇ ಬೇರೆ. 1985ರ ಆ ಕಾಯ್ದೆಯಡಿ ಮೊಕದ್ದಮೆಯಿಲ್ಲದೆ ಮುಂಜಾಗ್ರತೆಗೆಂದು ಬಂಧಿಸಬಹುದು, ಆದರೆ ಸಂವಿಧಾನದ 22ನೇ ವಿಧಿಯಂತೆ ಕಾರಣಗಳನ್ನು ಬಂಧಿತನಿಗೆ ತಿಳಿಸಲೇಬೇಕು. ತಿಳಿಸುವುದೆಂದರೇನು? 1962ರ ಹರಿಕಿಸನ್ ಪ್ರಕರಣದಲ್ಲಿ ಬಂಧಿತನಿಗೆ ಬರುತ್ತಿದ್ದುದು ಹಿಂದಿ, ಕೈಗೆ ಕೊಟ್ಟದ್ದು ಇಂಗ್ಲಿಷ್ ಕಾಗದ. ಪೊಲೀಸ್ ಅಧಿಕಾರಿ ಬಾಯಲ್ಲಿ ಅನುವಾದ ಮಾಡಿ ಹೇಳಿದ್ದೇನೆ ಎಂದದ್ದನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಅವನಿಗೆ ಅರ್ಥವಾಗುವ ಭಾಷೆಯಲ್ಲಿ, ಅವನು ಓದಬಲ್ಲ ಲಿಪಿಯಲ್ಲಿ ಇರಬೇಕು ಎಂದು ಬಿಡುಗಡೆ ಮಾಡಿತು. ಇಂದಿಗೂ ನಮ್ಮ ಹೈಕೋರ್ಟಿನಲ್ಲಿ ಬಂಧಿತರ ವಕೀಲರು ಆದೇಶದ ಜೊತೆ ಕೊಟ್ಟ ಕಟ್ಟನ್ನು ಹಾಳೆ ಹಾಳೆಯಾಗಿ ಮಗುಚುತ್ತಾರೆ: ಇಂಗ್ಲಿಷ್ ದಾಖಲೆಗೆ ಕನ್ನಡ ಅನುವಾದ ಎಲ್ಲಿ, ಈ ಪುಟದ ಜೆರಾಕ್ಸ್ ಮಸುಕಾಗಿದೆಯಲ್ಲ, ಇದನ್ನು ಯಾರು ಓದಲು ಸಾಧ್ಯ?